ತೋಡಿನ ಕಪ್ಪೆ, ಕಡಲಿನ ಸೀಲ್

ದುಗ್ಗಪ್ಪ ಗೌಡರು ಬೊಬ್ಬೆ ಹೊಡೆದರೆ ಗುಡ್ಡದಾಚೆಯವರೂ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಆ ಗಂಟಲನ್ನು ಮಂಗಳೂರಿನ ಡಾಕ್ಟರು ಕೊಯ್ದು ಐದು ತಿಂಗಳಾಗಿತ್ತು. ಈಗ ಬರುವುದು ಬರೀ ಗಾಳಿ. ಬಾಯಿಯ ಹತ್ತಿರ ಕಿವಿ ಇಟ್ಟರೆ ನಾಲ್ಕು ಮಾತು.

ಮಳೆಗಾಲ ಮುಗಿದ ಮೇಲೆ ಗುಂಡ್ಯದ ಮೇಲಿನ ತೋಡಿಗೆ, ಆ ಸಣ್ಣ ಹಳ್ಳಕ್ಕೆ, ತೋಟದ ನೀರಿಗೆಂದು ಎರಡು ಮನೆಯವರು ಸೇರಿ ಪೈಪು ಇಡುವಾಗ ಮೇಲೆ ನೀರು ತಡೆದ ಕಟ್ಟದ ಬಳಿ ನಿಲ್ಲುವವರು ಅವರೇ. ಪೈಪು ತುಂಬಿದ್ದು ನೋಡಿ ಅವರು ಕೂಗಬೇಕು, ಆಗ ಕೆಳಗಿನವರು ತುದಿ ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ಹೊಕ್ಕು ದಿನವಿಡೀ ಹಾಳು. ಇಪ್ಪತ್ತು ವರ್ಷದ ಆ ಜಾಗವನ್ನು ಬಿಟ್ಟುಕೊಡಲೆಂದೇ ಇವತ್ತು ನೆರೆಮನೆಯ ಶಾನವಾಝನ ಜೊತೆ ಗುಡ್ಡ ಹತ್ತಿದ್ದರು. ಅವನು ಹಡಗಿನ ಅಡುಗೆಯವ, ರಜೆಯಲ್ಲಿ ಬಂದಿದ್ದ. ಕೆಳಗೆ ಗೌಡರ ಹೆಂಡತಿ ಕಮಲಾವತಿ ಪೈಪಿನ ತುದಿ ಮುಚ್ಚಿ ಹಿಡಿದು ಮೇಲೆ ನೋಡುತ್ತಿದ್ದಳು.

ಪೈಪಿನ ಬಾಯಿಯನ್ನು ನೀರಿಗೆ ಇಳಿಸಿದ ದುಗ್ಗಪ್ಪ, "ಇನ್ನು ನೀನೇ ಕೂಗು. ಮೂಗನಿಗೆ ಇಲ್ಲಿ ಎಂತ ಕೆಲಸ?" ಎಂದು ಅವನ ಕಿವಿಯಲ್ಲಿ ಉಸುರಿ, ಪಕ್ಕದ ಕಲ್ಲನ್ನು ಒದ್ದರು.

"ಕಲ್ಲು ಎಂತ ಮಾಡಿತು ಗೌಡ್ರೆ? ಶ್ಶ್, ಅಲ್ಲಿ ನೋಡಿ."

ಒದ್ದೆ ಬಂಡೆಯ ಮೇಲೆ ಹೆಬ್ಬೆರಳ ಗೆಣ್ಣಿನಷ್ಟು ಕಪ್ಪೆ. ಗಂಟಲು ಬಿಳಿ ಗುಳ್ಳೆಯಾಗಿ ಉಬ್ಬಿತು. ಕೂಗು ನೀರಿನ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಆಗ ಅದು ಹಿಂಗಾಲನ್ನು ಮೆಲ್ಲ ಬದಿಗೆ ಚಾಚಿ, ಬೆರಳು ಬಿಡಿಸಿ ಬೀಸಿತು. ಎದುರಿನ ಕಲ್ಲಿನಿಂದ ಇನ್ನೊಂದು ಕಾಲು ಎದ್ದಿತು. ದುಗ್ಗಪ್ಪ ಬಗ್ಗಿ ನೋಡಿದರು. ಇಷ್ಟು ವರ್ಷ ತಾನು ಇಲ್ಲೇ ನಿಂತು ಬೊಬ್ಬೆ ಹೊಡೆದದ್ದೇ ಹೊಡೆದದ್ದು. ಕಾಲಬುಡದಲ್ಲಿ ಇಂಥ ಮಾತುಕತೆ ನಡೆಯುತ್ತಿತ್ತೇ!

"ನಮ್ಮ ಹಡಗು ಹೋಗುವ ಸ್ಕಾಟ್ಲೆಂಡಿನ ಸಮುದ್ರದಲ್ಲಿ ಬೂದು ಸೀಲ್ ಅಂತ ಉಂಟು," ಎಂದ ಶಾನವಾಝ್. "ನಾಯಿಯ ಮೋರೆ, ಎರಡು ಮೂರು ಕ್ವಿಂಟಾಲ್ ಮೈ. ಅದಕ್ಕೂ ಸ್ವರ ಉಂಟು. ಆದ್ರೂ ಗಂಡು ನೀರಿನಡಿಯಲ್ಲಿ ಕೈ ಸೇರಿಸಿ ಚಪ್ಪಾಳೆ ಹೊಡೀತದೆ. ಸಮುದ್ರಕ್ಕೆ ಮುಳುಗಿ ನೋಡುವವರು ವಿಡಿಯೋ ತೋರಿಸಿದ್ರು. ಪಟಾಕಿ ಒಡೆದ ಹಾಗೆ!"

"ಮೀನಿಗೆ ಕೈಯಾ? ರೈಲು ಬಿಡ್ಬೇಡ ಮಾರಾಯ," ಎಂದು ದುಗ್ಗಪ್ಪ ಮತ್ತೆ ಅವನ ಕಿವಿಗೆ ಉಸುರಿದರು.

"ಮೀನಲ್ಲ ಮಾರಾಯ್ರೆ, ಮರಿಗೆ ಹಾಲು ಕೊಡುವ ಪ್ರಾಣಿ. ಕೈ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ. ಅಲ್ಲಾಹನಾಣೆ."

ಒಂದು ಪ್ರಾಣಿ ಅಂಗೈಯಲ್ಲಿ ಕಾಣದೆ ಹೋಗುವಂಥದ್ದು, ಇನ್ನೊಂದು ನಾಲ್ಕು ಜನ ಹಿಡಿದರೂ ಏಳದಂಥದ್ದು. ಗಂಟಲು ಸಾಲದ ಕಡೆ ಅದು ಕಾಲೆತ್ತಿತು, ಇದು ಕೈ ತಟ್ಟಿತು. ಎರಡಕ್ಕೂ ನಾಚಿಕೆಯಿಲ್ಲ.

ಪೈಪಿನ ಬಾಯಲ್ಲಿ ಗುಳ್ಳೆ ಏಳುವುದು ನಿಂತಿತು, ಪೈಪು ತುಂಬಿತ್ತು. ಶಾನವಾಝ್ ಕೂಗಲು ಬಾಯಿ ತೆರೆದ. ದುಗ್ಗಪ್ಪ ಅವನ ಬೆನ್ನಿಗೊಂದು ಗುದ್ದಿ ತಡೆದು, ಕಪ್ಪೆಗಳಿಲ್ಲದ ಬಂಡೆ ನೋಡಿ ಹತ್ತಿ, ಎರಡೂ ಕೈ ಎತ್ತಿ ಬೀಸಿದರು.

ಕಮಲಾವತಿ ಒಂದು ಗಳಿಗೆ ನೋಡಿಯೇ ನಿಂತಳು. ಆಮೇಲೆ ತಾನೂ ಒಂದು ಕೈ ಎತ್ತಿ, ಬಗ್ಗಿ ಪೈಪಿನ ತುದಿ ಬಿಟ್ಟಳು.