ಹೆಸರು ತಿದ್ದಿದ ಫೈಲು

ಪರದೆಯ ಮೇಲೆ ಮೂಡಿದ್ದು ಲತ ನಾಲ್ಕು ದಿನ ಕೂತು ತುಂಬಿಸಿದ ಪುಟಗಳಲ್ಲ, ಒಂದೇ ಸಾಲು: ಫೈಲು ಕೆಟ್ಟಿದೆ, ತೆರೆಯಲಾಗದು.

ಪಾಂಡವಪುರದ ಆ ಸಭಾಂಗಣದಲ್ಲಿ ಎರಡು ಊರಿನ ಹಾಲಿನ ಸೊಸೈಟಿಯವರು ಎದುರುಬದುರು ಕೂತಿದ್ದರು. ಹಾಲು ತಣ್ಣಗಿಡುವ ಯಂತ್ರ ಬರುವುದು ಒಂದೇ; ಅದು ತಮಗೇ ಏಕೆ ಬೇಕೆಂದು ಇಬ್ಬರೂ ಪರದೆಯ ಮೇಲೆ ತೋರಿಸಬೇಕಿತ್ತು. ತೊಣ್ಣೂರಿನಾಚೆಯ ಲತಳ ಊರಿಗೆ ಅದು ಸಿಗದಿದ್ದರೆ ಈ ಬೇಸಿಗೆಯೂ ಸಂಜೆಯ ಹಾಲು ಲಾರಿ ಬರುವಷ್ಟರಲ್ಲಿ ಹುಳಿಯಾಗಿ ವಾಪಸ್ಸಾಗುತ್ತದೆ; ಎಪ್ಪತ್ತು ಹೆಂಗಸರು ಕಾರ್ಯದರ್ಶಿಯಾದ ಅವಳ ಮುಂದೆಯೇ ಕ್ಯಾನು ತಂದು ಕುಕ್ಕುತ್ತಾರೆ.

"ಲತಮ್ಮನ ಹಾಲೂ ಕೆಡ್ತದೆ, ಫೈಲೂ ಕೆಡ್ತದೆ ಕಣ್ರಲಾ," ಎಂದ ಪಕ್ಕದೂರಿನ ಸೊಸೈಟಿ ಅಧ್ಯಕ್ಷ ದೇವರಾಜು. ಅವನ ಕಡೆಯವರು ಗೊಳ್ಳೆಂದು ನಕ್ಕರು.

"ನಿಮ್ ಮೀಸೆ ಒಂದು ಕೆಟ್ಟಿಲ್ಲ ಬುಡಿ. ವಾರಕ್ಕೊಂದ್ಸಲ ಬಣ್ಣ ಬಳೀತೀರಲ್ಲ," ಎಂದಳು ಲತ.

ಯಂತ್ರ ಯಾರಿಗೆಂದು ತೀರ್ಮಾನಿಸಲು ಬಂದಿದ್ದ ಅಧಿಕಾರಿ ಗಡಿಯಾರ ನೋಡಿದರು. "ನಾವು ಕಳಿಸಿದ ಮಾದರಿಯಲ್ಲೇ ತುಂಬಬೇಕು, ಪರದೆ ಮೇಲೆ ತೋರಿಸೋ ಪಿಪಿಟಿಎಕ್ಸ್ ಫೈಲು ಮಾಡಿ ತರಬೇಕು ಅಂತ ಬರೆದಿತ್ತಲ್ಲಮ್ಮ? ಟೀ ಮುಗಿಯೋದ್ರೊಳಗೆ ಸರಿ ಮಾಡ್ಕೊಂಡು ಬನ್ನಿ. ಆಮೇಲೆ ಯಾರಿಗೂ ಕಾಯಲ್ಲ."

ಲತ ಪೆನ್‌ಡ್ರೈವ್ ಕಿತ್ತುಕೊಂಡು ರಸ್ತೆಯಾಚೆಯ ಜೆರಾಕ್ಸ್ ಅಂಗಡಿಗೆ ಓಡಿದಳು. ಅಂಗಡಿಯ ಕೃಷ್ಣ ಒಮ್ಮೆ ನೋಡಿದವನೇ ಹುಬ್ಬು ಗಂಟಿಕ್ಕಿದ.

"ಹೆಸರಿನ ಕೊನೇಲಿರೋ ಅಕ್ಷರಗಳ್ನ ತಿದ್ದಿದ್ದು ಯಾರು?"

"ನಾನೇ. ಆಫೀಸಿಂದ ಬಂದಿದ್ದು ಪಿಒಟಿಎಕ್ಸ್ ಅಂತಿತ್ತು. ಅವ್ರು ಕೇಳಿದ್ದು ಪಿಪಿಟಿಎಕ್ಸು. ತುಂಬಿ, ಹೆಸರು ಬದಲಾಯ್ಸ್ದೆ. ಸ್ಯಾಂಪಲ್ ಬಾಟ್ಲಿಗೆ ಬೇರೆ ಚೀಟಿ ಅಂಟಿಸ್ದಂಗೆ."

"ನಿನ್ ಚೀಟಿಗೆ ಬೆಂಕಿ ಬೀಳ! ಪಿಒಟಿಎಕ್ಸ್ ಅಂದ್ರೆ ಅಚ್ಚು ಕಣಕ್ಕ. ಆಲೆಮನೇಲಿ ಅಚ್ಚಿನ ಮ್ಯಾಲೆ ಬೆಲ್ಲ ಅಂತ ಬರದ್ಬುಟ್ರೆ ಅದ ತಿನ್ನೋಕಾಯ್ತದಾ? ಅಚ್ಚು ಅಂತ ಒಳಗೂ ಬರ್ಕೊಂಡದೆ. ಒಳಗಿಂದೂ ಹೊರಗಿಂದೂ ತಾಳೆ ಆಗ್ನಿಲ್ಲ ಅಂತ ಕಂಪ್ಯೂಟ್ರು ಒದೀತದೆ."

ಅವನು ಹಳೆಯ ಹೆಸರನ್ನೇ ಮತ್ತೆ ಹಾಕಿ ಎರಡು ಸಲ ಒತ್ತಿದ. ಪುಟಗಳೆಲ್ಲ ಹೆಸರಿಲ್ಲದ ಹೊಸ ಫೈಲಾಗಿ ತೆರೆದುಕೊಂಡವು. ಈ ಸಲ ಹೆಸರು ತಿದ್ದಲಿಲ್ಲ. ಸೇವ್ ಆಸ್ ಒತ್ತಿ, ಪಟ್ಟಿಯಿಂದ ಪಿಪಿಟಿಎಕ್ಸ್ ಆರಿಸಿ ಉಳಿಸಿದ. "ಈಗ ಬೆಲ್ಲ ಆಯ್ತು. ಓಡು."

ಸಭಾಂಗಣದ ಪರದೆಯ ಮೇಲೆ ಅವಳ ಪುಟಗಳು ಸಲೀಸಾಗಿ ಬಂದವು. ಬೇಸಿಗೆಯಲ್ಲಿ ವಾಪಸ್ಸಾದ ಕ್ಯಾನುಗಳ ಫೋಟೋ ಬಂದಾಗ ಲತ ಮಾತು ನಿಲ್ಲಿಸಿ ಎಲ್ಲರೂ ನೋಡಲೆಂದು ಕಾದಳು.

ಆಮೇಲೆ ದೇವರಾಜುವಿನ ಸರದಿ. ಅವನ ಕಾರ್ಯದರ್ಶಿ ದೊಡ್ಡಬೀರಯ್ಯ ಗುಂಡಿ ಒತ್ತಿದ. ಬಂದದ್ದು ಅದೇ ಸಾಲು: ಫೈಲು ಕೆಟ್ಟಿದೆ.

"ಏನ್ಲಾ ಮಾಡ್ದೆ ಬೀರ?"

"ಏನೂ ಮಾಡ್ನಿಲ್ಲ ಕಣಣ್ಣ! ಅವ್ರು ಕೇಳಿದ್ ಹೆಸರೇ ಇಕ್ಕಿವ್ನಿ."

ಅಧಿಕಾರಿ ಲತಳ ಕಡೆ ತಿರುಗಿದರು. "ನೀವು ಹೇಗೆ ಸರಿ ಮಾಡಿದ್ರಿ? ಅವರಿಗೂ ಹೇಳಿಬಿಡಿ."

ಎರಡು ನಿಮಿಷದ ಕೆಲಸ. ಆ ಊರಿನ ಹೆಂಗಸರ ಹಾಲೂ ಸಂಜೆ ಹುಳಿಯಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅಲ್ಲಿಯ ಇಂದ್ರಮ್ಮ ಅವಳ ಸ್ವಂತ ಚಿಕ್ಕಮ್ಮ. ದೇವರಾಜು ಮೊದಲ ಸಲ ಅವಳ ಮುಖ ನೋಡಿ, "ಯೋಳವ್ವ," ಎಂದ.

"ನಂಗೇನ್ ಗೊತ್ತು ಸಾರ್? ಎರಡನೇ ಸಲ ಹಾಕ್ದಾಗ ಅದಾಗೇ ತೆರ್ಕೊಂಡ್ತು."

"ಸುಳ್ಳು ಯೋಳ್ತಾವ್ಳೆ ಸಾರ್!"

"ಅಂಗಾರೆ ನಿಜ ನೀವೇ ಯೋಳಿ," ಎಂದಳು ಲತ.

ದೇವರಾಜು ಬೀರಯ್ಯನನ್ನು ನೋಡಿದ, ಬೀರಯ್ಯ ಮತ್ತೆ ಗುಂಡಿ ಒತ್ತಿದ; ಬಂದದ್ದು ಅದೇ ಸಾಲು. ಅಧಿಕಾರಿ ಇನ್ನೊಂದು ನಿಮಿಷ ಕಾದು, ಯಂತ್ರದ ಮಂಜೂರಾತಿ ಕಾಗದದ ಮೇಲೆ ಲತಳ ಊರಿನ ಹೆಸರು ಬರೆದರು.