ಕಾರ್ಡಿನ ಹಿಂಬದಿ

ಗಂಟಲಿನ ಆಪರೇಷನ್ ಆಗುವವರೆಗೆ ಮುರುಗೆಪ್ಪನವರಿಗೆ ವಿಸಿಟಿಂಗ್ ಕಾರ್ಡಿನ ಅಗತ್ಯವೇ ಬಿದ್ದಿರಲಿಲ್ಲ. ಮಹಾಲಿಂಗಪುರದ ಕಡೆಯಿಂದ ಬರುವ ಬೆಲ್ಲವನ್ನು ಪುಣೆಯ ಮಾರ್ಕೆಟ್ ಯಾರ್ಡಿನ ಅಂಗಡಿಗಳಿಗೆ ಕೊಡಿಸುವ ದಲಾಲಿ ಅವರದು. ಅಂಗಡಿಕಾರರ ಜೊತೆ ಮರಾಠಿಯಲ್ಲಿ ಚೌಕಾಸಿ ನಡೆಸುತ್ತಲೇ, ತಲೆ ಹೊರಳಿಸಿ ಲಾರಿಯವನಿಗೆ ಕನ್ನಡದಲ್ಲಿ "ಉಂಡಿಯೇನಪಾ?" ಎಂದು ಕೂಗುವರು. ಆ ದನಿ ಸಾಲಿನ ಕೊನೆಯ ಅಂಗಡಿಗೂ ಕೇಳುತ್ತಿತ್ತು.

ಕ್ಯಾನ್ಸರ್ ಎಂದು ತಿಳಿದ ಮೇಲೆ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು. ಉಸಿರಾಡಲು ಕುತ್ತಿಗೆಯಲ್ಲೊಂದು ತೂತು, ಅದರ ಮೇಲೆ ಬಿಳಿ ಅರಿವೆ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಡಿಸಿದ್ದರು. ಅದರಿಂದ ಹೊರಟ ಗೊರಗೊರ ಸದ್ದು ಕೇಳಿ ಹೆಂಡತಿ ಬಸವಣ್ಣೆವ್ವ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು. ಮುರುಗೆಪ್ಪ ಅದನ್ನು ಡಬ್ಬಿಯಲ್ಲಿಟ್ಟವರು ಮತ್ತೆ ತೆಗೆಯಲಿಲ್ಲ. ಫೋನಿನಲ್ಲಿ ಬರೆಯೋಣವೆಂದರೆ ಅವರ ದಪ್ಪ ಬೆರಳಿಗೆ ಒಂದು ಅಕ್ಷರದ ಬದಲು ಇನ್ನೊಂದೇ ತಾಗುತ್ತಿತ್ತು. ಹಾಳೆ, ಪೆನ್ನುಗಳೇ ಗತಿಯಾದವು.

ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯಲ್ಲಿ ಕೂತು ಕೂತು ಸಾಕಾಯಿತು. ಒಂದು ಬೆಳಿಗ್ಗೆ "ಯಾರ್ಡಿಗೆ ಹೋಗತೇನಿ" ಎಂದು ಬರೆದು ಸೊಸೆ ರೇಣುವಿನ ಮುಂದೆ ಹಿಡಿದರು.

ರೇಣು ಮಗರಪಟ್ಟಾದ ಒಂದು ಆಫೀಸಿನಲ್ಲಿ ಕೆಲಸ ಮಾಡುವವಳು. ಸ್ವಲ್ಪ ಯೋಚಿಸಿ, "ಹಂಗಾದ್ರ ಕಾರ್ಡ್ ಮಾಡಸೋಣ್ರಿ ಮಾವಾರ," ಎಂದಳು. "ಒಂದು ಬದಿ ನಿಮ್ಮ ಹೆಸರು, ವ್ಯಾಪಾರ. ಇನ್ನೊಂದು ಬದಿ ಖಾಲಿ. ಹೇಳೂದನ್ನ ಅದರ ಮ್ಯಾಲೇ ಬರದು ಕೊಟ್ರಾತು."

ಆ ಭಾನುವಾರ ಅವಳು ಲ್ಯಾಪ್‌ಟಾಪ್ ತೆರೆದು ಕೂತಳು. ಕಾರ್ಡ್ ಅಚ್ಚು ಹಾಕಿ ಮನೆಗೇ ಕಳಿಸುವ ಕಂಪನಿಗಳು ಒಂದೇ ಎರಡೇ! ಬಂಗಾರದ ಅಂಚು, ದುಂಡು ಮೂಲೆ, ಹೂವಿನ ಚಿತ್ರ. ರಾಂಜಣಗಾಂವದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದಿದ್ದ ಮಗ ಅಮರ ಬಾಗಿಲಲ್ಲೇ ಬೂಟು ಬಿಚ್ಚುತ್ತ, "ಯಾವುದರೆ ಒಂದು ಆರಿಸು. ಕಾರ್ಡಿನಾಗ ಅಂಥಾದ್ದೇನದ?" ಎಂದ. ರೇಣು ಎಲ್ಲಕ್ಕಿಂತ ಬೇಗ ಕಳಿಸುವವರನ್ನು ಆರಿಸಿದಳು.

ಕಾರ್ಡುಗಳು ಬೇಗನೇ ಬಂದವು, ಕನ್ನಡಿಯಂತೆ ಹೊಳೆಯುತ್ತಿದ್ದವು. ಮುರುಗೆಪ್ಪ ಒಂದನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಹೆಸರಿನ ಒತ್ತಕ್ಷರ ಒಡೆದು, ಕೊನೆಯ ಎರಡು ಪಕಾರಗಳು ಒಂದರ ಪಕ್ಕ ಒಂದು ನಿಂತಿದ್ದವು. ಕೆಳಗೆ ರೇಣು ಸೇರಿಸಿದ್ದ ಸಾಲಿನಲ್ಲಿ "ಮಾತು ಬರುವುದಿಲ್ಲ, ಕ್ಷಮಿಸಿ" ಎಂದಿತ್ತು. ಹಿಂಬದಿಗೆ ತಿರುಗಿಸಿ ಪೆನ್ನಿನಿಂದ ಬರೆದರು. ಹೆಬ್ಬೆರಳು ತಾಗಿದ್ದೇ ತಡ, ಬರೆದದ್ದೆಲ್ಲ ಅಳಿಸಿ ಬೆರಳಿಗೆ ನೀಲಿ ಮೆತ್ತಿಕೊಂಡಿತು.

ರೇಣು ಅವರ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದಳು: "ಚಂದ ಕಾಣತದಂತ ಹೊಳಪಿಂದು ತರಿಸಿದೆ! ತಪ್ಪಾತ್ರಿ!"

ಅವರು ಹಾಳೆ ಎಳೆದುಕೊಂಡರು. ಒತ್ತಿ ಬರೆದರು: "ಕ್ಷಮಿಸಿ ಯಾಕ? ನಾ ಯಾರಿಗೆ ಏನು ಮಾಡೇನಿ?" ಅದರ ಕೆಳಗೆ ಇನ್ನೊಂದು ಸಾಲು: "ಎಲ್ಲಾರೂ ನನ್ನ ಕಿವ್ಯಾಗ ಒದರತಾರ. ಹೋದದ್ದು ದನಿ. ಕಿವಿ ಅಲ್ಲ."

ರೇಣು ಓದಿದಳು. ಅವಳ ಮುಖ ಸಣ್ಣದಾಯಿತು. ಮೆಲ್ಲಗೆ, "ನಾನೂ ಒದರತೇನಲ್ರಿ?" ಎಂದಳು.

ಮುರುಗೆಪ್ಪ ಹೌದೆಂದು ತಲೆಯಾಡಿಸಿದರು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟರು.

ಎರಡನೆಯ ಸಲ ರೇಣು ಅವಸರ ಮಾಡಲಿಲ್ಲ. ಹೊಳಪಿಲ್ಲದ ಕಾಗದ ಇದೆಯೇ, ಅದರ ಮೇಲೆ ಪೆನ್ನು ಹತ್ತುತ್ತದೆಯೇ, ಕನ್ನಡ ಒಡೆಯದೆ ಬರುತ್ತದೆಯೇ ಎಂದು ನಾಲ್ಕಾರು ಕಡೆ ಬರೆದು ಕೇಳಿದಳು. ಹೆಚ್ಚಿನವರಿಂದ, ನಿಮ್ಮ ಸಂದೇಶ ತಲುಪಿದೆ ಎಂಬ ಸಿದ್ಧ ಉತ್ತರವಷ್ಟೇ ಬಂತು. ಒಂದು ಕಡೆಯಿಂದ ಮಾತ್ರ ನೀಲಿಮಾ ಎಂಬ ಹೆಂಗಸು ಫೋನು ಮಾಡಿ, ನನಗೆ ಕನ್ನಡ ಓದಲು ಬಾರದು, ಅಚ್ಚಿಗೆ ಮೊದಲು ಕಾರ್ಡಿನ ಚಿತ್ರ ಕಳಿಸುತ್ತೇನೆ, ನೀವು ಸರಿ ಎಂದ ಮೇಲೆಯೇ ಮುಂದಿನ ಕೆಲಸ ಎಂದಳು. ಕಾಗದದ ಮಾದರಿಗಳನ್ನೂ ಅಂಚೆಯಲ್ಲಿ ಕಳಿಸಿದಳು.

ಮುರುಗೆಪ್ಪ ಕಿಟಕಿಯ ಬಳಿ ಕುಳಿತು ಆ ತುಂಡುಗಳ ಮೇಲೆಲ್ಲ ತಮ್ಮ ಪೆನ್ನಿನಿಂದಲೇ ಬರೆದು, ಬೆರಳು ಒದ್ದೆ ಮಾಡಿ ಉಜ್ಜಿದರು. ಬಸವಣ್ಣೆವ್ವ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಕೆನೆಬಣ್ಣದ ಒರಟು ಕಾಗದವೊಂದು ಶಾಯಿಯನ್ನು ಹೀರಿ ಹಿಡಿದುಕೊಂಡಿತು. "ಇದೇ ಇರಲಿ," ಎಂದು ಅವರಿಗಿಂತ ಮೊದಲು ಬಸವಣ್ಣೆವ್ವ ಹೇಳಿದರು. ಏನು ಅಚ್ಚು ಹಾಕಬೇಕೆಂಬುದನ್ನು ಮುರುಗೆಪ್ಪ ತಾವೇ ಬರೆದುಕೊಟ್ಟರು. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ: "ಮುರುಗೆಪ್ಪ, ಬೆಲ್ಲದ ದಲಾಲರು. ನನಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಉತ್ತರ ಬರೆದು ಕೊಡುತ್ತೇನೆ."

ಕಾರ್ಡು ಬಂದ ಮರುದಿನ ಅವರು ಬಿಳಿ ಅರಿವೆಯ ಮೇಲೆ ಅಂಗಿಯ ಗುಂಡಿ ಹಾಕಿಕೊಂಡು ಯಾರ್ಡಿಗೆ ಹೋದರು. ಹಳೆಯ ಗಿರಾಕಿಯೊಬ್ಬರು ಕಂಡೂ ಕಾಣದವರಂತೆ ಒಳಗೆ ಸರಿದರು. ಇನ್ನೊಂದು ಅಂಗಡಿಗೆ ಆಗಲೇ ಬೇರೆ ದಲಾಲನಿದ್ದ. ಮುಂದೆ ಹೋಗುವುದೋ ಬೇಡವೋ ಎಂದು ಅವರು ಕಟ್ಟೆಯ ಮೇಲೆ ಕೂತುಬಿಟ್ಟರು.

ಆಗ ಎದುರಿನ ಅಂಗಡಿಯ ಋಷಿಕೇಶ ಕಂಡ. ತಂದೆ ತೀರಿಕೊಂಡ ಮೇಲೆ ಗಾದಿಯಲ್ಲಿ ಕೂತ ಹುಡುಗ. ಎದ್ದು ಬಂದವನೇ ಅವರ ಕಿವಿಯಲ್ಲಿ, "ಕಾಕಾ! ಬರಂ ಆಹೇ ಕಾ?" ಎಂದು ಮರಾಠಿಯಲ್ಲಿ ಕಿರುಚಿ ಕ್ಷೇಮ ವಿಚಾರಿಸಿದ. ಹಮಾಲರೆಲ್ಲ ತಿರುಗಿ ನೋಡಿದರು.

ಮುರುಗೆಪ್ಪ ಜೇಬಿನಿಂದ ಕಾರ್ಡು ತೆಗೆದುಕೊಟ್ಟರು. ಋಷಿಕೇಶ ಮರಾಠಿ ಸಾಲುಗಳನ್ನು ಓದಿ ತಲೆ ತಗ್ಗಿಸಿದ. ಆಮೇಲೆ ಎಂದಿನ ದನಿಯಲ್ಲಿ, ಒಳಗೊಂದು ಹೊಸ ಮಾಲು ಬಂದಿದೆ, ನೋಡಿ ಹೇಳುತ್ತೀರಾ ಎಂದು ಕೇಳಿದ.

ಮುರುಗೆಪ್ಪ ಬೆಲ್ಲದ ಪೆಂಟಿಯನ್ನು ಒಡೆದು ಒಳಗಿನ ಬಣ್ಣ ನೋಡಿದರು, ಬೆರಳಲ್ಲಿ ಪುಡಿ ಮಾಡಿದರು. ಅಭ್ಯಾಸಬಲದಿಂದ ಮೂಗಿನ ಹತ್ತಿರ ತಂದರು. ಏನೂ ತಿಳಿಯಲಿಲ್ಲ. ಉಸಿರು ಮೂಗಿನಿಂದ ಹಾಯುವುದೇ ನಿಂತ ಮೇಲೆ ವಾಸನೆ ಎಲ್ಲಿಂದ ಬರಬೇಕು? ಚಲೋ ಅದೆ ಎಂದು ಬರೆದುಬಿಟ್ಟರೆ ಹುಡುಗ ನಂಬುವವನೇ.

ಇನ್ನೊಂದು ಕಾರ್ಡು ತೆಗೆದು ಹಿಂಬದಿಯಲ್ಲಿ ಮರಾಠಿಯಲ್ಲಿ ಬರೆದರು: ಬಣ್ಣ ಚೆನ್ನಾಗಿದೆ, ಒಣಗಿದೆ. ವಾಸನೆ ನನಗೆ ಗೊತ್ತಾಗುವುದಿಲ್ಲ. ಸೀದದ್ದೇನಾದರೂ ಇದೆಯೇ, ನೀನೇ ನೋಡು.

ಋಷಿಕೇಶ ಓದಿ ಅವರ ಮುಖ ನೋಡಿದ. ತುಂಡನ್ನು ಇಸಿದುಕೊಂಡು ಮೂಸಿದ, ಮತ್ತೊಮ್ಮೆ ಮೂಸಿದ. "ಸೀದದ್ದಿಲ್ಲ ಕಾಕಾ," ಎಂದು ಮರಾಠಿಯಲ್ಲೇ ಹೇಳಿದ. "ಕಬ್ಬಿನ ಹಾಲಿನ ವಾಸನೆ ಇನ್ನೂ ಇದೆ."

ಮುರುಗೆಪ್ಪ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ತಗೋ ಎನ್ನುವಂತೆ ತಲೆಯಾಡಿಸಿದರು.

ಚಳಿಗಾಲವಿಡೀ ಅವರು ಯಾರ್ಡಿಗೆ ಹೋದರು. ದೂರವಾದ ಅಂಗಡಿಗಳಲ್ಲಿ ಕೆಲವು ಮರಳಿದವು, ಕೆಲವು ಮರಳಲಿಲ್ಲ. ಋಷಿಕೇಶನ ಅಂಗಡಿಯಲ್ಲಿ ಮಾತ್ರ ಅವರಿಗೊಂದು ಕುರ್ಚಿ ಇರುತ್ತಿತ್ತು. ಮಾಲು ಬಂದಾಗ ಒಬ್ಬರು ಒಡೆದು ನೋಡುವರು, ಇನ್ನೊಬ್ಬ ಮೂಸಿ ಹೇಳುವನು.