ಬೋಣಿ ಹೊತ್ತಿಗೆ ಬಂದ ಇಮೇಲ್

ನಾನು ಒಂದು ಕಂಪ್ಯೂಟರ್ ಮೌಸ್. ಹುಟ್ಟಿದ್ದು ಯಾವ ಊರಿನ ಕಾರ್ಖಾನೆಯಲ್ಲೋ ನೆನಪಿಲ್ಲ. ಕಣ್ಣು ಬಿಟ್ಟಾಗ ನನ್ನಂಥವರು ನೂರು ಜನ ಒಂದೇ ಪೆಟ್ಟಿಗೆಯಲ್ಲಿ ಬಾಲ ಸುತ್ತಿಕೊಂಡು ಮಲಗಿದ್ದೆವು. ಮೊದಲು ರಾಮನಗರದ ಸೈಬರ್ ಸೆಂಟರೊಂದಕ್ಕೆ ಹೋದೆ. ದಿನಕ್ಕೆ ಐವತ್ತು ಕೈ, ಅಬ್ಬಬ್ಬಾ! ಅದು ಮುಚ್ಚಿದಾಗ ಹಳೆಯ ಕಂಪ್ಯೂಟರಿನ ಜೊತೆ ನನ್ನನ್ನೂ ಚನ್ನಪಟ್ಟಣದ ಚಿಕ್ಕತಾಯಮ್ಮ ಕೊಂಡುಕೊಂಡರು.

ಅವರದು ಮರದ ಬೊಂಬೆ ಅಂಗಡಿ. ಅರಗಿನ ಬಣ್ಣ ಹತ್ತಿದ ಅವರ ಬೆರಳು ಬೆನ್ನ ಮೇಲೆ ಬಿದ್ದರೆ ನನಗೆ ಹಬ್ಬ. ದೂರದ ಗಿರಾಕಿಗಳು ಇಮೇಲಿನಲ್ಲೇ ಬೊಂಬೆ ಕೇಳುತ್ತಿದ್ದರು. ಅದನ್ನು ಓದಿ ಉತ್ತರ ಬರೆಯುವುದನ್ನು ಸೊಸೆ ಸುಕನ್ಯಾ ಕಲಿಸಿದ್ದಳು. ಬೋಣಿ ಗಿರಾಕಿಯನ್ನು, ಅಂದರೆ ದಿನದ ಮೊದಲ ಗಿರಾಕಿಯನ್ನು, ಚಿಕ್ಕತಾಯಮ್ಮ ಎಂದೂ ಇಲ್ಲ ಅಂದು ಕಳಿಸಿದವರಲ್ಲ. ಪಾಪ, ಇಮೇಲಿಗೂ ಅದೇ ನೇಮ!

ಒಂದು ಬೆಳಿಗ್ಗೆ ಮೊದಲ ಪತ್ರ ಬಂತು: 'ನಿಮ್ಮ ಇಮೇಲ್ ಖಾತೆ ಇವತ್ತೇ ಬಂದ್ ಆಗುತ್ತದೆ. ಕೆಳಗೆ ಒತ್ತಿ ಪಾಸ್‌ವರ್ಡ್ ಕೊಡಿ.'

"ಅತ್ತೆ, ಒಸಿ ತಾಳಿ. ಯಾರೋ ಏನೋ," ಎಂದಳು ಸುಕನ್ಯಾ.

"ಬೋಣಿ ಕಣಮ್ಮಿ. ಇಲ್ಲ ಅನ್ನಬಾರ್ದು."

ಬೇಡ ತಾಯಿ, ಬೇಡ ಎಂದು ನಾನು ಒದ್ದಾಡಿದೆ. ಕೇಳಬೇಕಲ್ಲ! ಒತ್ತಿಯೇಬಿಟ್ಟರು. ತೆರೆದ ಪುಟ ಥೇಟ್ ಅಸಲಿಯ ಹಾಗೇ ಇತ್ತು. ಪಾಸ್‌ವರ್ಡ್ ಕೊಟ್ಟ ಸ್ವಲ್ಪ ಹೊತ್ತಿಗೇ ಖಾತೆ ಕೈತಪ್ಪಿತು. ಸುಕನ್ಯಾ ಫೋನಿಗೆ ಬಂದ ಒಟಿಪಿ ಸಂಖ್ಯೆ ಹಾಕಿ ಅದನ್ನು ಬಿಡಿಸಿಕೊಂಡು, ಪಾಸ್‌ವರ್ಡ್ ಬದಲಿಸಿ, ಕಳಿಸಿದ ಪತ್ರಗಳನ್ನು ತೆರೆದು ನೋಡಿದಳು. ಚಿಕ್ಕತಾಯಮ್ಮನ ಹೆಸರಿನಲ್ಲಿ ಎಲ್ಲ ಗಿರಾಕಿಗಳಿಗೂ ಪತ್ರ ಹೋಗಿತ್ತು: 'ಆಸ್ಪತ್ರೆಯಲ್ಲಿದ್ದೇನೆ, ಕೂಡಲೇ ದುಡ್ಡು ಕಳಿಸಿ.'

"ಇಷ್ಟು ವರ್ಷ ಬಣ್ಣ ಬಿಡದ ಬೊಂಬೆ ಕೊಟ್ಟೆ. ಈಗ ನನ್ನ ಹೆಸರೇ ಬಣ್ಣ ಬಿಡ್ತಲ್ಲವ್ವಾ," ಎಂದು ಅವರು ಕುಸಿದು ಕೂತರು.

ಅತ್ತೆ ಸೊಸೆ ಇಬ್ಬರೂ ಸೈಬರ್ ಸಹಾಯವಾಣಿಗೆ ದೂರು ಕೊಟ್ಟು, ಒಬ್ಬೊಬ್ಬ ಗಿರಾಕಿಗೂ ಫೋನ್ ಮಾಡಿದರು. ಪುಣ್ಯಕ್ಕೆ ಯಾರೂ ದುಡ್ಡು ಕಳಿಸಿರಲಿಲ್ಲ. ಮಕ್ಕಳಿಗೆ ಬೊಂಬೆ ತರಿಸುತ್ತಿದ್ದ ತುಮಕೂರಿನ ಅಂಗನವಾಡಿ ಟೀಚರ್ ಜಯಶೀಲಾ ಮಾತ್ರ ಫೋನ್ ಎತ್ತಲೇ ಇಲ್ಲ. ಅವಳ ಸಂಬಳವೇ ಎಷ್ಟು ಮಹಾ! ಚಿಕ್ಕತಾಯಮ್ಮ ಆ ದಿನ ಊಟ ಮಾಡಲಿಲ್ಲ.

ಸಂಜೆ ಅಂಗಡಿ ಬಾಗಿಲಲ್ಲಿ ಜಯಶೀಲಾ ನಿಂತಿದ್ದಳು, ಏದುಸಿರು ಬಿಡುತ್ತಾ.

"ಅಮ್ಮಾ, ಚೆನ್ನಾಗಿದೀರಾ? ಯಾವ ಆಸ್ಪತ್ರೆ ಅಂತ ಬರೀಲೇ ಇಲ್ವಲ್ಲ! ಗಾಬರೀಲಿ ಫೋನೂ ಮನೇಲೇ ಬಿಟ್ಟು ಬಂದೆ."

"ದುಡ್ಡು ಕಳಿಸ್ದೇನವ್ವಾ?" ಚಿಕ್ಕತಾಯಮ್ಮ ಎದ್ದು ಬಾಗಿಲಿಗೆ ಬಂದರು.

"ಇಲ್ಲಮ್ಮ. ನೀವು ಮಲಗಿದೀರಿ ಅಂದ್ರೆ ದುಡ್ಡು ಕಳಿಸಿ ಸುಮ್ನೆ ಕೂರೋಕಾಗುತ್ತಾ? ನಿಮ್ಮನ್ನ ನೋಡ್ಬೇಕಿತ್ತು. ಗಂಜಿ ತಂದಿದೀನಿ."

ಚಿಕ್ಕತಾಯಮ್ಮ ಅವಳನ್ನು ತಬ್ಬಿಕೊಂಡು ಮಗುವಿನಂತೆ ಅತ್ತರು. ಆಮೇಲೆ ಇಬ್ಬರೂ ಆ ಗಂಜಿಯನ್ನೇ ಹಂಚಿಕೊಂಡು ಕುಡಿದರು.

ಅಂದಿನಿಂದ ಇಮೇಲಿಗೆ ಬೋಣಿ ಮರ್ಯಾದೆ ನಿಂತುಹೋಯಿತು. ಆತುರಪಡಿಸುವ ಪತ್ರ ಬಂದರೆ, ಗೊತ್ತಿದ್ದ ನಂಬರಿಗೆ ಫೋನ್ ಮಾಡಿ ವಿಚಾರಿಸದೆ ಚಿಕ್ಕತಾಯಮ್ಮ ನನ್ನ ಬೆನ್ನು ಮುಟ್ಟುತ್ತಿರಲಿಲ್ಲ.

ಈಗ ನನ್ನ ಚಕ್ರ ತಿರುಗದು, ಬಾಲ ಸವೆದಿದೆ. ಕಿಟಕಿಯ ಗೂಡಿನಲ್ಲಿ ಮುಕ್ಕಾದ ಬೊಂಬೆಗಳ ನಡುವೆ ಹಾಯಾಗಿದ್ದೇನೆ. ಈ ಜನ್ಮದಲ್ಲಿ 'ಕಳುಹಿಸು' ಎಂಬುದನ್ನು ಸಾವಿರಾರು ಸಲ ಒತ್ತಿದ್ದೇನೆ. ಪತ್ರ ಓದಿ, ತಾನೇ ಬಸ್ಸು ಹತ್ತಿ ಬಂದವಳನ್ನು ಕಂಡಿದ್ದು ಅದೊಂದೇ ಸಲ.